ಸಣ್ಣ ಸಾವ್ಕಾರನಿಗೆ ಯಾವ ಗುಂಡು

ನಮ್ಮ ಮನೆಯಲ್ಲಿ ಇಲಿಗೆ ಇಲಿ ಎನ್ನುವುದಿಲ್ಲ, ಸಣ್ಣ ಸಾವ್ಕಾರ ಎನ್ನುತ್ತೇವೆ. ಬಟ್ಟೆ ವ್ಯಾಪಾರದ ಮನೆಗಳಲ್ಲಿ ಇದು ಹಳೆಯ ರೂಢಿ. ಹೆಸರು ಹಿಡಿದು ಕರೆದರೆ, ಅದರಲ್ಲೂ ಹಿಡಿಯುವ ಹೊಡೆಯುವ ಮಾತನ್ನು ಬಾಯಿಬಿಟ್ಟು ಆಡಿದರೆ, ಅದು ಗೋಡೆಯೊಳಗೆ ಕೂತು ಕೇಳಿಸಿಕೊಂಡು ಹೊಸ ಮಾಲಿನ ಮೇಲೆ ಸೇಡು ತೀರಿಸಿಕೊಳ್ಳುತ್ತದೆ ಎಂದು ನಂಬಿಕೆ. ನನಗೀಗ ಅರವತ್ತಮೂರು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮುಂದೆ ಕುಪ್ಪಸದ ಖಣ, ಇಳಕಲ್ಲ ಸೀರೆಗಳ ಅಂಗಡಿ, ಹಿಂದೆ ಮನೆ. ಇದನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಆದರೆ ಆ ಶಬ್ದ ಬಾಯಿಂದ ಹೊರಡುವುದಿಲ್ಲ. ಬರೆಯಲು ಅಡ್ಡಿಯಿಲ್ಲ, ಅದಕ್ಕೆ ಓದಲು ಬರುವುದಿಲ್ಲವಲ್ಲ.

ಇಂಥ ಮನೆಯ ಯಜಮಾನ, ಇರುವೆ ಕಂಡರೂ ಕಾಲು ಎತ್ತಿ ದಾಟುವ ಮಹಾಂತಯ್ಯ ಎಂಬ ನಾನು, ಗಾಳಿ ಬಂದೂಕು ಕೊಳ್ಳಲು ಹೊರಟೆ. ಅದಕ್ಕೆ ಕಾರಣ ನನ್ನ ಹೆಂಡತಿ ಶಿವಬಸವ್ವ.

ಶಿವಬಸವ್ವ ಕಸೂತಿ ಹಾಕುವವಳು. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚುವ ಕೆಲಸ ಅದು. ಮೊದಲೇ ಗೆರೆ ಎಳೆದುಕೊಳ್ಳುವಂತಿಲ್ಲ, ಎಲ್ಲೂ ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಮದುವೆ, ತೊಟ್ಟಿಲು, ಕುಬಸ ಎಂದು ಇಡೀ ಹುಬ್ಬಳ್ಳಿ ಅವಳ ಹತ್ತಿರ ಬರುತ್ತದೆ. ಈಗ ಸ್ವಂತ ಮಗಳು ಭಾಗ್ಯಶ್ರೀಗೇ ಏಳು ತಿಂಗಳು. ಗಣೇಶ ಚೌತಿಯಾದ ಒಂಬತ್ತನೇ ದಿನ ಕುಬಸ, ಅಂದರೆ ಬಸುರಿಗೆ ತವರಿನ ಹಸಿರು ಸೀರೆ ಉಡಿಸುವ ಕಾರ್ಯ. ಆ ಸೀರೆಯ ಸೆರಗಿಗೆ ಇಪ್ಪತ್ತೊಂದು ತೊಟ್ಟಿಲು ಹಾಕುತ್ತೇನೆಂದು ಶಿವಬಸವ್ವ ಐದು ತಿಂಗಳಿಂದ ಕೂತಿದ್ದಳು. ಇಪ್ಪತ್ತು ಮುಗಿದಿದ್ದವು.

ಶ್ರಾವಣದ ನಡುವೆ ಒಂದು ಬೆಳಿಗ್ಗೆ ನಾನು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಬಂದು ಬಾಗಿಲಲ್ಲಿ ನಿಂತಳು.

“ಸೀರಿ ಹೋತ್ರಿ.”

“ಎಲ್ಲಿಗೆ ಹೋತು?”

“ಕಡದೈತಿ. ಸಣ್ಣ ಸಾವ್ಕಾರ.”

ಬಟ್ಟೆ ಕೋಣೆಗೆ ಓಡಿದೆ. ಅಷ್ಟರಲ್ಲಿ ಅವಳು ಸೀರೆಯನ್ನು ಮಡಿಚಿ, ಬಿಳಿ ಅರಿವೆಯಲ್ಲಿ ಕಟ್ಟಿ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದಳು. ಬಿಚ್ಚಲು ಹೋದರೆ ಕೈ ಹಿಡಿದಳು. “ಅಂವ ಮುಟ್ಟಿದ ಅರಿವಿ ಅವನ ಹಬ್ಬದ ತನಕ ಬಿಚ್ಚಬಾರದು. ನಮ್ಮವ್ವ ಹೇಳತಿದ್ಲು.”

ಅವನ ಹಬ್ಬವೆಂದರೆ ಇಲಿವಾರ, ಗಣೇಶ ಚೌತಿಯ ಮರುದಿನ. ಆ ದಿನ ನಮ್ಮಲ್ಲಿ ಸೂಜಿ, ಕತ್ತರಿ ಮುಟ್ಟುವುದಿಲ್ಲ. ಬಟ್ಟೆ ಕೋಣೆಯಲ್ಲಿ ಎಡೆ ಇಟ್ಟು, ವರ್ಷವಿಡೀ ನಮ್ಮ ಮಾಲು ಕಾಯಪ್ಪಾ ಎಂದು ಕೈ ಮುಗಿಯುತ್ತೇವೆ. ಕಡಿಯುವವನನ್ನೇ ಕಾಯಿ ಎಂದು ಬೇಡುವುದು, ವ್ಯಾಪಾರಸ್ಥರ ಬುದ್ಧಿಯೇ ಹೀಗೆ. ಬಿಚ್ಚಬಾರದು ಎಂಬ ನಿಯಮ ನಮ್ಮ ಮನೆಯಲ್ಲಿ ನಾನು ಕೇಳಿರಲಿಲ್ಲ. ಅವಳ ತವರು ರಬಕವಿ, ನೇಕಾರರ ಊರು, ಅಲ್ಲಿ ಇದ್ದೀತು ಎಂದುಕೊಂಡು ಸುಮ್ಮನಾದೆ.

ಅಂದಿನಿಂದ ಅವಳು ಸೂಜಿ ಮುಟ್ಟಲಿಲ್ಲ. ಬೇರೆಯವರ ಕೆಲಸವನ್ನೂ ಹಿಂದಕ್ಕೆ ಕಳಿಸಿದಳು. ಮಧ್ಯಾಹ್ನದ ಹೊತ್ತು ಕಿಟಕಿಯ ಬಳಿ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. ನಲವತ್ತು ವರ್ಷದಲ್ಲಿ ಅವಳ ಕೈ ಹಾಗೆ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ. ನನಗೆ ಅದು ಸಹಿಸಲಾಗಲಿಲ್ಲ. “ಒಂದ ತೊಟ್ಟಿಲಲ್ಲೇನ, ಹರಿದಲ್ಲಿ ರಫು ಮಾಡಿ ಹಾಕಿಬಿಡು” ಎಂದರೆ ಮುಖ ಆಚೆ ತಿರುಗಿಸಿ, “ಅಂವ ಇರೂತನಕ ನನ್ನ ಕೈಲೆ ಆಗೂದಿಲ್ಲ” ಎಂದಳು.

ಅಂದರೆ ಅವನು ಹೋದರೆ ಇವಳು ಮತ್ತೆ ಕೂರುತ್ತಾಳೆ. ನನಗೆ ಅರ್ಥವಾದದ್ದು ಇಷ್ಟೇ.

ಹೇಗೆ ಕಳಿಸುವುದು? ವಿಷ ಇಟ್ಟರೆ ಬಟ್ಟೆಯ ಥಾನುಗಳ ನಡುವೆ ಸತ್ತು, ಖಣ ಕೊಳ್ಳಲು ಬಂದವರು ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಬೋನು ನಮ್ಮ ಅಜ್ಜನ ಕಾಲದಿಂದ ಇದೆ, ಅವರ ವಂಶದವರಿಗೆಲ್ಲ ಅದರ ಪರಿಚಯವಿದೆ. ಬೆಕ್ಕು ಸಾಕಿ ನೋಡಿದೆವು, ಹಾಲು ಕುಡಿದು ರೇಷ್ಮೆಯ ಮೇಲೆ ಮಲಗುತ್ತಿತ್ತು. ಈಗ ಅಂಗಡಿ ನೋಡಿಕೊಳ್ಳುವ ಮಗ ವಿಶಾಲ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಕಣಜದಲ್ಲಿ ಒಬ್ಬ ಮನುಷ್ಯ ಗಾಳಿ ಬಂದೂಕು ಹಿಡಿದು ಟಪ್ ಟಪ್ ಎಂದು ಕೆಡವುತ್ತಿದ್ದ. ವಿಶಾಲ ಹಾಸ್ಯಕ್ಕೆ ತೋರಿಸಿದ್ದು. ನಾನು ಮರುದಿನವೇ ಗೋಕುಲ ರಸ್ತೆಗೆ ಹೋದೆ.

ಅಲ್ಲಿ ಆಟದ ಸಾಮಾನಿನ ಅಂಗಡಿಯ ಮಾಲೀಕ ಶಶಿಕುಮಾರ. ಮೂವತ್ತರ ಹುಡುಗ, ಮಾತು ಜೋರು.

“ಯಾವ ಗುಂಡಿಂದು ಬೇಕ್ರಿ ಕಾಕಾ? ಒನ್ ಸೆವೆನ್ ಸೆವೆನ್ನೋ, ಟೂ ಟೂನೋ?”

ಬಂದೂಕು ಎಂದರೆ ಬಂದೂಕು ಎಂದುಕೊಂಡು ಹೋದವನು ನಾನು. ಅವನು ಎರಡು ಗುಂಡುಗಳನ್ನು ಅಂಗೈ ಮೇಲೆ ಇಟ್ಟ. ಎರಡೂ ಸೀಸದವು, ನಡು ಸಣ್ಣಗಿನವು. ಒಂದು ಸಾಸಿವೆಗಿಂತ ದೊಡ್ಡದು, ಇನ್ನೊಂದು ಹೆಸರುಕಾಳಿಗಿಂತ ದೊಡ್ಡದು.

“ಇದು ಒನ್ ಸೆವೆನ್ ಸೆವೆನ್, ನಾಕೂವರಿ ಮಿಲಿಮೀಟರು. ಇದು ಟೂ ಟೂ, ಐದೂವರಿ. ಸಣ್ಣದು ಜೋರ ಹೋಗತೈತಿ, ನೆಟ್ಟಗ ಹೋಗತೈತಿ. ದೊಡ್ಡದು ಸಾವಕಾಶ ಹೋಗತೈತಿ, ಆದ್ರ ಕುಂತಲ್ಲೇ ಕೆಡವತೈತಿ. ಹೊಡಿಯೂದು ಏನನ್ನ, ಅದ ಹೇಳ್ರಿ.”

ಅದನ್ನೇ ಹೇಳಲು ಆಗುವುದಿಲ್ಲವಲ್ಲ. “ಅದು… ನಾಕ ಕಾಲಿಂದು” ಎಂದೆ.

“ಎಷ್ಟ ದೊಡ್ಡದು?”

ಕೈ ಅಗಲಿಸಿ ತೋರಿಸಿದೆ. ನೋಡಿರದ ಪ್ರಾಣಿಯ ಅಳತೆ ಸ್ವಲ್ಪ ಹೆಚ್ಚೇ ಆಗಿರಬೇಕು.

“ಕಿವಿ?”

“ಅದಾವ.”

“ಬಣ್ಣಾ?”

“ಕಂದು ಇರಬೇಕು.”

ಶಶಿಕುಮಾರ ನನ್ನ ಹಣೆಯ ವಿಭೂತಿ ನೋಡಿದ, ಕೊರಳ ಲಿಂಗ ನೋಡಿದ, ದನಿ ತಗ್ಗಿಸಿದ. “ಕಾಕಾ, ಮೊಲದ ಬ್ಯಾಟಿಗೆ ಹೊಂಟೀರೇನು? ಈ ವಯಸ್ಸಿನ್ಯಾಗ? ಬ್ಯಾಟಿ ಎಲ್ಲಾ ಬಂದ್ ಐತ್ರಿ. ಮೊಲಾ ಹೊಡದ್ರ ಫಾರೆಸ್ಟಿನವರು ಒಯ್ದು ಒಳಗ ಹಾಕ್ತಾರ.”

ಸಿಟ್ಟು ನೆತ್ತಿಗೇರಿತು. ಅವನ ಪೆನ್ನು ಕಸಿದು, ಒಂದು ರಟ್ಟಿನ ಮೇಲೆ ಎರಡಕ್ಷರ ಬರೆದು ಮುಂದೆ ತಳ್ಳಿದೆ.

“ಇಲಿ!” ಎಂದು ಅವನು ರಸ್ತೆಗೆಲ್ಲ ಕೇಳುವಂತೆ ಓದಿದ.

“ಸಾವಕಾಶ ಅನ್ನೋ ಮಾರಾಯಾ!” ಎಂದು ನಾನು ಹಿಂದೆ ತಿರುಗಿ ನೋಡಿದೆ. ದುರ್ಗದಬೈಲು ಅಲ್ಲಿಂದ ಎಷ್ಟೋ ದೂರ. ಆದರೂ ನೋಡಿದೆ.

ಅವನು ನಕ್ಕು ಸುಸ್ತಾದ ಮೇಲೆ ಇನ್ನೊಂದು ತಲೆನೋವು ತೆಗೆದ. “ಇಲಿನೋ, ಹೆಗ್ಗಣನೋ? ಇಲಿ ಆದ್ರ ಸಣ್ಣ ಗುಂಡು ಬೇಕಾದಷ್ಟಾತು. ಹೆಗ್ಗಣ ಆದ್ರ ಟೂ ಟೂ ಛಲೋ. ಆದ್ರ ಟೂ ಟೂಕ್ಕ ಲೈಸನ್ಸ ಬೇಕು, ಸಣ್ಣದಕ್ಕ ಬ್ಯಾಡ.”

ಹಿತ್ತಲಿಗೆ ಕರೆದುಕೊಂಡು ಹೋಗಿ ರಟ್ಟಿಗೆ ಸಣ್ಣ ಗುಂಡು ಹೊಡೆದು ತೋರಿಸಿದ. ದೊಡ್ಡ ಗುಂಡಿನ ತೂತಿದ್ದ, ಯಾರೋ ಲೈಸನ್ಸಿನವರ ಹಳೆಯ ರಟ್ಟೊಂದನ್ನು ಒಳಗೆ ಬಂದು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತೆಗೆದ. “ತೂತು ನೋಡ್ರಿ ಕಾಕಾ. ತೂತ ಎಲ್ಲಾ ಹೇಳತೈತಿ. ಯಾರ ಮಾಡಿದ್ದು, ಹೆಂಗ ಮಾಡಿದ್ದು, ಎಲ್ಲಾ.”

ಎರಡೂ ರಟ್ಟುಗಳನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, “ವಿಚಾರ ಮಾಡಿ ಬರತೇನಿ” ಎಂದು ಎದ್ದೆ.

ನಾನು ವಿಚಾರ ಮಾಡುವುದೆಂದರೆ ಹತ್ತು ಜನರನ್ನು ಕೇಳುವುದು. ಇದು ನನ್ನ ಹುಟ್ಟುಗುಣ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವಳಿಗೆ ಯಾವ ಸೀರೆ ಒಪ್ಪುತ್ತದೆ ಎಂದು ಹೇಳುತ್ತೇನೆ. ನನಗೊಂದು ಚಪ್ಪಲಿ ಬೇಕೆಂದರೆ ಮೂರು ವಾರ ಬೇಕು. ಮನೆಯ ಮಾಳಿಗೆ ಸೋರಿದಾಗ ನಾಲ್ಕು ಮೇಸ್ತ್ರಿಗಳನ್ನು ಕೇಳಿದೆ, ನಾಲ್ವರೂ ನಾಲ್ಕು ಮಾತು ಹೇಳಿದರು, ಐದನೆಯವನನ್ನು ಹುಡುಕುವಷ್ಟರಲ್ಲಿ ಮಳೆಗಾಲವೇ ಮುಗಿಯಿತು. ಶಿವಬಸವ್ವ ತಗಡು ತರಿಸಿ ಹೊದಿಸಿದ್ದಳು.

ಮೊದಲು ಧಾರವಾಡಕ್ಕೆ, ನನ್ನ ಶಾಲೆಯ ಗೆಳೆಯ ತ್ರ್ಯಂಬಕನ ಮನೆಗೆ ಹೋದೆ. ಅವನು ನಿವೃತ್ತ ಭೌತಶಾಸ್ತ್ರದ ಪ್ರಾಧ್ಯಾಪಕ. ಎರಡೂ ರಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದ. ಪೇಪರಿನ ಅಂಚಿನಲ್ಲಿ ತೂಕ, ವೇಗ, ಅದರ ವರ್ಗ ಎಂದು ಲೆಕ್ಕ ಹಾಕಿದ.

“ಎಷ್ಟು ದೂರದಿಂದ ಹೊಡೀತಿ?”

“ಕೋಣಿ ಹನ್ನೆರಡ ಫೂಟು.”

“ಹಂಗಾದ್ರ ಎರಡೂ ಒಂದನೋ. ಯಾವುದು ಬೇಕಾದ್ರೂ ತೊಗೋ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಚಹಾ ಕುಡಿದು ಚಪ್ಪಲಿ ಮೆಟ್ಟುವಾಗ ಅವನು ಬಾಗಿಲಿಗೆ ಬಂದ. “ಮಹಾಂತ, ಗುಂಡು ತಪ್ಪಿ ಕಲ್ಲಿನ ಗ್ವಾಡಿಗೆ ಬಡದು ತಿರುಗಿ ಬಂದ್ರ? ಅದನ್ನೂ ವಿಚಾರ ಮಾಡಬೇಕಾಗ್ತದ ನೋಡು.” ಕಲ್ಲು ಮತ್ತೆ ಹತ್ತಿ ಕೂತಿತು.

ಅಲ್ಲಿಂದ ಲಕಮನಹಳ್ಳಿಯಲ್ಲಿರುವ ನನ್ನ ಸೋದರಮಾವನ ಮಗ ಬಸವಪ್ರಭುವಿನ ಮನೆಗೆ. ಅವರದು ಹೊಲದ ಮನೆತನ, ಹಿರಿಯರು ಹಿಂದೊಂದು ಕಾಲಕ್ಕೆ ಬಂದೂಕು ಇಟ್ಟವರು. ಅವನು ರಟ್ಟು ನೋಡಲೇ ಇಲ್ಲ.

“ಸಣ್ಣ ಗುಂಡು ಮುಟ್ಟಬ್ಯಾಡ ಭಾವಾ. ಈ ಕಡೆ ಹೊಕ್ಕು ಆ ಕಡೆ ಹೊರಗ ಬೀಳತೈತಿ. ಪ್ರಾಣಿ ಅಲ್ಲೇ ಸಾಯೂದಿಲ್ಲ. ಎಲ್ಲೋ ಮೂಲ್ಯಾಗ ಹೋಗಿ ಎರಡ ದಿನಾ ನಳ್ಳಾಡತೈತಿ. ಹೊಡೀಬೇಕಂದ್ರ ಒಂದ ಏಟಿಗೆ ಮುಗಿಸಬೇಕು. ಇಲ್ಲಂದ್ರ ಹೊಡೀಬಾರದು.”

ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವವರೆಗೂ ಆ ಮಾತು ತಲೆಯಲ್ಲಿ ಗಿರಗಿರ ತಿರುಗಿತು. ಕಾನೂನು ಒಪ್ಪುವ ಗುಂಡು ನರಳಿಸಿ ನಳ್ಳಾಡಿಸುತ್ತದೆ. ಕರುಣೆಯ ಗುಂಡಿಗೆ ಲೈಸನ್ಸು ಬೇಕು. ಲೈಸನ್ಸಿನ ಅರ್ಜಿಯಲ್ಲಿ ಕಾರಣ ಬರೆಯಬೇಕು. ಕಾರಣ ಇಲಿ ಎಂದು ಬರೆದರೆ ಸಾಹೇಬರು ನಗುತ್ತಾರೆ, ಲೈಸನ್ಸು ಬರುವಷ್ಟರಲ್ಲಿ ಭಾಗ್ಯಶ್ರೀಯ ಮಗು ಶಾಲೆಗೆ ಹೋಗುತ್ತಿರುತ್ತದೆ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು.

ಊಟಕ್ಕೆ ಬಡಿಸುತ್ತ ಶಿವಬಸವ್ವ ಕೇಳಿದಳು. “ಏನಾತ್ರಿ ನಿಮ್ಮ ಬಂದೂಕು?”

“ವಿಚಾರ ಮಾಡಾಕತ್ತೇನಿ.”

“ಮಾಡ್ರಿ, ಮಾಡ್ರಿ. ಅವಸರ ಏನೈತಿ.” ಅವಳ ಮುಖದಲ್ಲಿ ಏನೋ ಸಮಾಧಾನವಿತ್ತು. ಸೊಸೆ ರಜನಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಇಬ್ಬರೂ ಸೇರಿ ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಚೌತಿಯ ಮುನ್ನಾದಿನ ಗೋಕುಲ ರಸ್ತೆಗೆ ಹೋಗಿ, ಲೈಸನ್ಸು ಬೇಡದ ಸಣ್ಣ ಗುಂಡಿನ ಬಂದೂಕನ್ನೇ ಕೊಂಡೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಶಶಿಕುಮಾರ ನಾಲ್ಕು ಡಬ್ಬಿ ತಂದು ಸಾಲಾಗಿ ಇಟ್ಟ. “ಗುಂಡಿನ ಮೂತಿ ಯಾವುದಿರ್ಲಿ ಕಾಕಾ? ಚಪ್ಪಟ ಮೂತಿ, ದುಂಡ ಮೂತಿ, ಚೂಪ ಮೂತಿ, ತಗ್ಗ ಮೂತಿ.” ನಾನು ಮತ್ತೆ ಎದ್ದು ನಿಂತೆ. ಅವನಿಗೆ ಅಷ್ಟರಲ್ಲಿ ನನ್ನ ಗುಣ ಗೊತ್ತಾಗಿತ್ತು. ದುಂಡು ಮೂತಿಯ ಡಬ್ಬಿಯನ್ನು ತಾನೇ ಚೀಲಕ್ಕೆ ಹಾಕಿ ಕೈಗೆ ಕೊಟ್ಟು, “ಇದ ಛಲೋ. ಯಾರ್ನೂ ಕೇಳಬ್ಯಾಡ್ರಿ” ಎಂದ.

ಆ ಸಂಜೆಯೇ ಮಾಳಿಗೆಯ ಮೇಲೆ ಸಾಬೂನಿನ ಖೊಕ್ಕೆ, ಅಂದರೆ ಖಾಲಿ ರಟ್ಟಿನ ಪೆಟ್ಟಿಗೆ, ಇಟ್ಟು ಅಭ್ಯಾಸ ಮಾಡಿದೆ. ಆಶ್ಚರ್ಯವೆಂದರೆ ಕೈ ಕೂತಿತು. ಹನ್ನೆರಡು ಅಡಿಯಿಂದ ಐದು ಗುಂಡು ಹೊಡೆದರೆ ಐದೂ ಒಂದು ರೂಪಾಯಿಯ ನಾಣ್ಯದ ಅಗಲದಲ್ಲಿ. ಶಿವಬಸವ್ವ ಆಚೆ ಬದಿ ಸಂಡಿಗೆ ತೆಗೆಯುತ್ತಿದ್ದವಳು ಹತ್ತಿರ ಬಂದು ನಿಂತಳು. ಅವಳು ಖೊಕ್ಕೆಯನ್ನು ನೋಡಲಿಲ್ಲ. ನನ್ನ ಕೈಗಳನ್ನೇ ನೋಡಿದಳು.

“ನಡುಗೂದ ಇಲ್ಲಲ್ರಿ ನಿಮ್ಮ ಕೈ.”

“ಬಟ್ಟಿ ಹರದ ಕೈ. ನಲವತ್ತ ವರ್ಷ ಗೆರಿ ತಪ್ಪದಂಗ ಹರದೇನಿ” ಎಂದು ಬೀಗಿದೆ.

“ಖರೇನ ಹೊಡೀತೀರೇನು?”

“ಮತ್ತ? ನಾಳೆ ಚೌತಿ ಬ್ಯಾಡ. ನಾಡದು.”

“ನಾಡದು ಅವನ ಹಬ್ಬಾರಿ!”

“ಅವತ್ತ ಒಂದ ದಿನಾ ಅಂವ ಎಡಿ ತಿನ್ನಾಕ ಹೊರಗ ಬರಾಂವ. ಉಳದ ದಿನಾ ಎಲ್ಲಿ ಸಿಗತಾನ?”

ಅವಳು ಸರಕ್ಕನೆ ಕೆಳಗೆ ಹೋದಳು. ಸಂಡಿಗೆಯನ್ನು ಅಲ್ಲೇ ಮರೆತಿದ್ದಳು. ಕಾಗೆಗಳು ತಿಂದು ಹೋದವು.

ಇಲಿವಾರ ಬಂತು. ಬೆಳಿಗ್ಗೆ ಎಲ್ಲರೂ ಸೇರಿ ಬಟ್ಟೆ ಕೋಣೆಯ ಮೂಲೆಯಲ್ಲಿ ಕಡಬು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಒಂದು ಹೊಸ ಖಣದ ತುಂಡು ಇಟ್ಟು ಕೈ ಮುಗಿದೆವು. ನಾನೂ ಮುಗಿದೆ. ಮುಗಿಯುತ್ತಲೇ ಎಲ್ಲಿ ಅಡಗಿ ಕೂರಬೇಕೆಂದು ಕಣ್ಣಲ್ಲೇ ಅಳೆದೆ. ಇಂಥ ಭಕ್ತ ಇನ್ನೊಬ್ಬ ಇರಲಿಕ್ಕಿಲ್ಲ. ಮಧ್ಯಾಹ್ನ ಊಟವಾಗಿ ಮನೆಯವರು ಅಡ್ಡಾದ ಮೇಲೆ ಬಂದೂಕು ತೆಗೆದುಕೊಂಡು ಹೋಗಿ ಥಾನುಗಳ ಹಿಂದೆ ಸ್ಟೂಲಿನ ಮೇಲೆ ಕೂತೆ. ಗುಂಡು ತುಂಬಿಸಿದ್ದೆ. ತಿರುಗಿ ಬರಬಾರದೆಂದು ಗೋಡೆಗೆ ಎರಡು ಹಳೆಯ ಗಾದಿ ನಿಲ್ಲಿಸಿದ್ದೆ.

ಕೂತಲ್ಲಿ ತಲೆ ಕೆಟ್ಟುಹೋಯಿತು. ಮುಂದಿನ ಕೋಣೆಯಲ್ಲಿ ಗಣಪ್ಪ ಕೂತಿದ್ದಾನೆ, ಅವನ ಕಾಲ ಬಳಿ ಮಣ್ಣಿನ ಇಲಿ, ಅದಕ್ಕೂ ಹೂವು. ಹಿಂದಿನ ಕೋಣೆಯಲ್ಲಿ ಅದರ ಬಳಗದವನಿಗಾಗಿ ನಾನು. ಬರುವವನು ಇಲಿಯೋ ಹೆಗ್ಗಣವೋ? ಹೆಗ್ಗಣವಾದರೆ ಈ ಗುಂಡಿಗೆ ಸಾಯುತ್ತದೆಯೋ, ನಳ್ಳಾಡುತ್ತದೆಯೋ? ತಲೆಗೆ ಹೊಡೆಯಬೇಕೋ, ಎದೆಗೋ? ಕಿಸೆಯಿಂದ ಆ ಎರಡು ರಟ್ಟು ತೆಗೆದು ಮತ್ತೊಮ್ಮೆ ನೋಡಿದೆ. ಬೆವರಿಗೆ ಅವು ಮೆತ್ತಗಾಗಿದ್ದವು.

ಬಾಗಿಲು ಸದ್ದಾಯಿತು. ಬಂದವಳು ಶಿವಬಸವ್ವ. ಕೈಯಲ್ಲಿ ಇನ್ನೊಂದು ತಟ್ಟೆ ಕಡಬು. ತಟ್ಟೆ ಬಳೆಗಳಿಗೆ ತಾಗಿ ಸಣ್ಣಗೆ ಟಣಟಣ ಎನ್ನುತ್ತಿತ್ತು. ನಾನಿರುವುದು ಅವಳಿಗೆ ತಿಳಿಯಲಿಲ್ಲ. ಮೂಲೆಯ ಬಿಲದ ಮುಂದೆ ಮಂಡಿಯೂರಿ ಕೂತು, ತಟ್ಟೆ ಇಟ್ಟು, ಸೆರಗು ಹೊದ್ದು, ಮನುಷ್ಯರ ಜೊತೆ ಮಾತಾಡಿದಂತೆ ಮಾತಾಡಿದಳು.

“ತಪ್ಪಾತಪಾ ಸಾವ್ಕಾರ. ನಿನ್ನ ಮ್ಯಾಲ ಸುಳ್ಳ ಹೇಳೇನಿ. ನೀ ಸೀರಿ ಮುಟ್ಟಿಲ್ಲ. ದಾರ ಕತ್ತರಿಸಾಕ ಹೋದಾಗ ನನ್ನ ಕೈ ನಡುಗಿ ಝಾಡಿಸಿ ಕತ್ತರಿ ಅರಿವ್ಯಾಗ ಹೊಕ್ಕತು. ಇವರಿಗೆ ಏನ ಹೇಳ್ಲಿ ಅಂತ ತಿಳೀದ ನಿನ್ನ ಹೆಸರ ಹೇಳಿಬಿಟ್ಟೆ. ಇವರು ಗುಂಡ ಆರಿಸೂದ್ರಾಗ ನೀ ಮುಪ್ಪಾಗಿ ಸಾಯತಿ ಅಂತ ಮಾಡಿದ್ದೆ. ಖರೇನ ತಂದಬಿಟ್ರು. ನನ್ನ ಪಾಪ ನಿನ್ನ ಜೀವಕ್ಕ ಬಂತು. ನಾಕ ದಿನಾ ಎಲ್ಲೆರ ಹೋಗಿ ಇರಪಾ, ಕೈ ಮುಗೀತೇನಿ.”

ಮುಗಿದ ಆ ಕೈಗಳನ್ನು ನಾನು ಥಾನುಗಳ ಸಂದಿಯಿಂದ ನೋಡಿದೆ. ಬಲಗೈ ನಿಲ್ಲುತ್ತಿರಲಿಲ್ಲ. ಎಡಗೈ ಅದನ್ನು ಹಿಡಿದಿಟ್ಟಿತ್ತು.

ನಾನು ಎದ್ದೆನೋ, ಬಂದೂಕೇ ಜಾರಿತೋ, ನಳಿಗೆ ಟ್ರಂಕಿಗೆ ಬಡಿಯಿತು. ಅವಳು ಹೌಹಾರಿ ತಿರುಗಿದಳು. ನನ್ನನ್ನು ಕಂಡು ಬಲಗೈಯನ್ನು ಸೆರಗಿನೊಳಗೆ ಸೇರಿಸಿದಳು. ಅದೇ ನನ್ನ ಎದೆಗೆ ತಾಕಿದ್ದು. ಎಷ್ಟು ತಿಂಗಳಿಂದ ಆ ಕೈ ಹಾಗೆ ಸೆರಗಿನೊಳಗೆ ಹೋಗುತ್ತಿತ್ತು, ನಾನು ಎಲ್ಲಿ ನೋಡುತ್ತಿದ್ದೆ?

ಬಂದೂಕಿನ ಗುಂಡು ಹೊರತೆಗೆದು ನೆಲದ ಮೇಲೆ ಇಟ್ಟೆ. “ಯಾವಾಗಿಂದ?”

“ಯುಗಾದಿ ಮುಂದಿಂದ.”

“ಯಾಕ ಹೇಳಲಿಲ್ಲ?”

“ಹೇಳಿದ್ರ ಏನ ಮಾಡತಿದ್ರಿ?” ಅವಳಿಗೆ ಈಗ ಸಿಟ್ಟು ಬಂತು, ಅಳುವೂ ಬಂತು. “ಯಾವ ಡಾಕ್ಟರ ಛಲೋ, ಹುಬ್ಬಳ್ಳ್ಯಾಗ ತೋರಿಸಬೇಕೋ ಧಾರವಾಡದಾಗೋ, ಗುಳಿಗಿನೋ ನಾಟಿ ಔಷಧನೋ ಅಂತ ಓಣಿ ಎಲ್ಲಾ ಕೇಳ್ಕೊಂತ ಹೋಗತಿದ್ರಿ. ಸಂಜಿಕ ಒಬ್ಬೊಬ್ರ ಬಂದು ನನ್ನ ಕೈ ನೋಡಿ ಹೋಗತಿದ್ರು. ಕಸೂತಿ ಶಿವಬಸವ್ವನ ಕೈ ಹೋತಂತ ಅಂತಿದ್ರು. ಭಾಗ್ಯಾನ ಸೀರಿ ಮುಗಿಯೂತನಕ ಯಾರಿಗೂ ಗೊತ್ತಾಗಬಾರದಂತ ಮಾಡಿದ್ದೆ. ಮುಗೀಲೇ ಇಲ್ಲ.”

ಟ್ರಂಕು ತೆರೆದು ಸೀರೆ ಬಿಚ್ಚಿದೆ. ಇಪ್ಪತ್ತು ತೊಟ್ಟಿಲು ಸಾಲಾಗಿದ್ದವು. ಇಪ್ಪತ್ತೊಂದನೆಯದು ಇರಬೇಕಾದಲ್ಲಿ ಎರಡು ಬೆರಳುದ್ದದ ಸೀಳು, ಅಂಚು ನೆಟ್ಟಗೆ, ಎಳೆ ಎಳೆ ಸಾಪಾಗಿ ಕತ್ತರಿಸಿದ್ದು. ಇಲಿ ಕಡಿದರೆ ಅಂಚು ಜಗಿದಂತೆ ಇರುತ್ತದೆ, ಚೂರು ಉದುರಿರುತ್ತದೆ. ನಮ್ಮ ಅಂಗಡಿಯ ಆಳಿಗೂ ಗೊತ್ತು. ನಲವತ್ತು ವರ್ಷ ಬಟ್ಟೆ ನೋಡಿದ ನಾನು ಮೂರು ವಾರ ಎರಡು ರಟ್ಟಿನ ತೂತುಗಳನ್ನು ಕಿಸೆಯಲ್ಲಿ ಇಟ್ಟುಕೊಂಡು ಹುಬ್ಬಳ್ಳಿ ಧಾರವಾಡ ತಿರುಗಿದೆ. ಮನೆಯ ತೂತನ್ನು ಒಮ್ಮೆ ಬಿಚ್ಚಿ ನೋಡಲಿಲ್ಲ. ಬಿಚ್ಚಬೇಡ ಎಂದಳು, ಬಿಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಹುಡುಕಿಕೊಂಡು ಹೋದ ಮೂರ್ಖ ನಾನು.

ನಾವಿಬ್ಬರೂ ಹಾಗೆ ಸೀರೆ ಹಿಡಿದು ಕೂತಿದ್ದಾಗ ಮೂಲೆಯಲ್ಲಿ ಏನೋ ಸರಿದಾಡಿತು. ಸಣ್ಣ ಸಾವ್ಕಾರ ಹೊರಗೆ ಬಂದಿದ್ದ. ಅಂಗೈಯುದ್ದದ ಬಡಕಲು ಇಲಿ, ಒಂದು ಕಿವಿ ಹರಿದಿತ್ತು. ನಮ್ಮನ್ನು ನೋಡಿದ, ಕಡಬನ್ನು ನೋಡಿದ. ಕಡಬು ಅವನಿಗಿಂತ ಭಾರವಿತ್ತು. ಎಳೆದು ನಿಂತು, ಎಳೆದು ನಿಂತು, ಬಿಲದೊಳಗೆ ಒಯ್ದ.

“ಇಷ್ಟ ಸಣ್ಣದಾ?” ಎಂದೆ. ಶಿವಬಸವ್ವ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೊರಟು, ದಾರಿಯಲ್ಲಿ ಮೊದಲು ನರರೋಗದ ಡಾಕ್ಟರ ಬೋರ್ಡು ಕಂಡಲ್ಲೇ ಒಳಗೆ ಹೋದೆ. ಯಾರನ್ನೂ ಕೇಳಲಿಲ್ಲ. ಅವರು ಕೈ ಮುಂದೆ ಚಾಚಿಸಿ ನೋಡಿದರು, ಗೆರೆ ಎಳೆಸಿದರು, ಗುಳಿಗೆ ಬರೆದರು. ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಅವಳು ತಲೆಯಾಡಿಸಿದಳು. ಅವಳಿಗೆ ಇದು ಮೊದಲೇ ಗೊತ್ತಿದ್ದಂತೆ ಕಂಡಿತು.

ಮನೆಗೆ ಬಂದವಳೇ ಸೀರೆ ಹರವಿ, ಸೂಜಿಗೆ ದಾರ ಪೋಣಿಸೆಂದು ನನಗೆ ಕೊಟ್ಟಳು. ಪೋಣಿಸಿ ಹಿಂದಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

“ಬಂದೂಕ ಹಿಡದ ಕೈ ಅಲ್ಲೇನ? ಹಿಡೀರಿ. ನಾ ಎಣಸತೇನಿ.”

ಮೊದಲು ಸೀಳು ಕೂಡಿಸಿದೆ, ಆಮೇಲೆ ಅದರ ಮೇಲೆ ತೊಟ್ಟಿಲು. “ನಾಕ ಎಳಿ ಬಿಟ್ಟು ಐದನೇದಕ್ಕ ಚುಚ್ಚರಿ” ಎನ್ನುವಳು. “ಎಡಕ್ಕೋ ಬಲಕ್ಕೋ?” ಎಂದು ನಾನು. “ನೀವ ನೋಡ್ರಿ” ಎಂದು ಅವಳು. ಮುಂದೆ ಹೇಗೋ ತೊಟ್ಟಿಲಿನಂತೆ ಕಂಡಿತು. ಹಿಂದೆ ದಾರ ನಿಲ್ಲುತ್ತಿರಲಿಲ್ಲ, ಕದ್ದು ಕದ್ದು ಗಂಟು ಹಾಕಿದೆ. ಅವಳಿಗೆ ಗೊತ್ತಾಯಿತು, ಮುಂದಿನ ಎಳೆ ಎಣಿಸಿದಳು. ಕೈ ನೆಟ್ಟಗಿದ್ದಾಗ ಅವಳು ಎರಡು ದಿನಕ್ಕೆ ಹಾಕುತ್ತಿದ್ದ ತೊಟ್ಟಿಲಿಗೆ ನನಗೆ ಆರು ದಿನ ಬೇಕಾಯಿತು. ಬಂದೂಕನ್ನು ಶಶಿಕುಮಾರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಟ್ಟದ ಮೇಲಿದೆ.

ಕುಬಸದ ದಿನ ಪಡಸಾಲೆ ತುಂಬ ಹೆಣ್ಣುಮಕ್ಕಳು. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತ ಭಾಗ್ಯಶ್ರೀ ತಾಯಿಗೆ ತಕ್ಕ ಮಗಳು. ಎಲ್ಲರೂ ಸೆರಗಿನ ಮುಂಭಾಗ ನೋಡಿ ಹೊಗಳಿದರೆ ಅವಳು ಹಿಂದೆ ತಿರುಗಿಸಿ ನೋಡಿದಳು.

“ಅವ್ವಾ, ಕಡೀ ತೊಟ್ಟಿಲದ ಹಿಂದ ಬರೇ ಗಂಟ ಅದಾವಲ್ಲ. ನೀ ಎಂದೂ ಗಂಟ ಹಾಕಾಕಿ ಅಲ್ಲ.”

ಬಾಗಿಲಲ್ಲಿದ್ದ ನಾನು ಮುಂದೆ ಬಂದೆ. “ಅದು, ಸಣ್ಣ ಸಾವ್ಕಾರ…” ಎಂದು ಶುರುಮಾಡಿದೆ.

“ಸುಮ್ನಿರ್ರಿ” ಎಂದಳು ಶಿವಬಸವ್ವ. ಸೆರಗಿನೊಳಗಿಂದ ಬಲಗೈ ಹೊರತೆಗೆದು ಎಲ್ಲರೂ ನೋಡುವಂತೆ ಎತ್ತಿದಳು. ಹಸಿರು ಗಾಜಿನ ಬಳೆಗಳು ತಾವಾಗಿಯೇ ಸದ್ದು ಮಾಡತೊಡಗಿದವು.

“ಈ ಕೈ ಸೀರಿ ಕತ್ತರಿಸಿತವ್ವಾ. ಗಂಟ ನಿಮ್ಮಪ್ಪಂದು. ಸಣ್ಣ ಸಾವ್ಕಾರಂದು ಏನೂ ತಪ್ಪಿಲ್ಲ.”

ಬಳೆ ಸದ್ದೊಂದೇ ಕೇಳುತ್ತಿತ್ತು. ಮಣೆಯಿಂದ ಏಳಬಾರದು ಎಂದು ಯಾರೋ ಅನ್ನುವಷ್ಟರಲ್ಲಿ ಭಾಗ್ಯಶ್ರೀ ಎದ್ದು ಬಂದು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಸದ್ದು ನಿಂತಿತು.